ಭಕ್ತಿ ಮದುವೆಗೆ ಬರುತ್ತಾಳೆ

ಬರ್ಕತ್‌ಪುರಾ, ಹೈದರಾಬಾದ್
ಜನವರಿ ೧೯, ಸೋಮವಾರ

ಮಾತೃಸಮಾನಳೂ ಸದ್ಯಕ್ಕೆ ನನ್ನ ಫೋನು ಎತ್ತದವಳೂ ಆದ ಕೋಕಿಲಕ್ಕನಿಗೆ,

ತಮ್ಮ ದತ್ತಾತ್ರೇಯನ ಸಾಷ್ಟಾಂಗ ನಮಸ್ಕಾರಗಳು. ಸೊಂಟ ಹಿಡಿದಿರುವುದರಿಂದ ಸಾಷ್ಟಾಂಗವನ್ನು ಕುರ್ಚಿಯಲ್ಲಿ ಕುಳಿತೇ ಹಾಕಿದ್ದೇನೆ. ಎಷ್ಟು ಅಂಗ ಮುಟ್ಟಿತೋ ಅಷ್ಟನ್ನೇ ದೊಡ್ಡ ಮನಸ್ಸು ಮಾಡಿ ಸ್ವೀಕರಿಸಬೇಕು.

ಮೊಬೈಲಿನ ಕಾಲದಲ್ಲಿ ಪತ್ರವೇಕೆ ಎಂದು ಮೂಗು ಮುರಿಯಬೇಡ. ಅಬಿಡ್ಸ್ ಅಂಚೆ ಕಚೇರಿಯಲ್ಲಿ ನೌಕರಿಯುದ್ದಕ್ಕೂ ಊರವರ ಪತ್ರಗಳಿಗೆ ಠಸ್ಸೆ ಹೊಡೆದವನು ನಾನು, ನನಗೂ ಒಂದು ಬರೆಯುವ ಹಕ್ಕಿದೆ. ಅಲ್ಲದೆ ಫೋನಿನಲ್ಲಿ ನೀನು ನಿನ್ನ ಮಾತು ಮುಗಿಯುತ್ತಲೇ ಇಟ್ಟುಬಿಡುತ್ತೀ. ಪತ್ರವನ್ನು ಹಾಗೆ ನಡುವೆ ಇಡಲು ನಿನ್ನಿಂದಾಗುವುದಿಲ್ಲ. ಕೊನೆಯಲ್ಲಿ ಯಾರನ್ನು ಬೈದಿದ್ದಾರೆ ಎಂದು ನೋಡುವ ಚಟ ನಿನಗೆ ಚಿಕ್ಕಂದಿನಿಂದಲೂ ಇದೆ.

ಈಗ ವಿಷಯ. ಮೊನ್ನೆ ನೀನು ನನ್ನನ್ನು ಬಿಟ್ಟು ನನ್ನ ಹೆಂಡತಿ ಗೋದಾವರಿಗೆ ಫೋನು ಮಾಡಿ, "ಲಹರಿ ಮದುವಿಗೆ ನೀವಿಬ್ರೂ ಬರ್ರಿ. ಭಕ್ತೀನ್ನ ಅದೊಂದು ದಿನ ಯಾರರೆ ನರ್ಸ್ ಹತ್ರ ಬಿಡ್ರಿ. ಅಷ್ಟು ಗದ್ದಲದಾಗ ಪಾಪ, ಆಕಿಗೇ ತ್ರಾಸ ಆಗ್ತದ" ಎಂದೆಯಂತೆ. ‘ಪಾಪ’ ಎಂಬ ಶಬ್ದವನ್ನು ಬೀಗರಿಗೆ ತುಪ್ಪ ಬಡಿಸಿದ ಹಾಗೆ ಧಾರಾಳವಾಗಿ ಬಡಿಸಿದೆಯಂತೆ. ಗೋದಾವರಿ "ಹೂಂ ಅಕ್ಕಾ" ಎಂದು ಫೋನಿಟ್ಟವಳು ಆಮೇಲೆ ರೊಟ್ಟಿ ಬಡಿದ ಸಪ್ಪಳಕ್ಕೆ ಕೆಳಮನೆಯವರು ಮೇಲೆ ಬಂದು ವಿಚಾರಿಸಿ ಹೋದರು.

ನಮ್ಮ ಉತ್ತರ ಹೀಗಿದೆ. ನಾವು ಬರುತ್ತೇವೆ. ಮೂವರೂ ಬರುತ್ತೇವೆ. ಮದುವೆ ನಮ್ಮ ಊರಲ್ಲಿ, ನಮ್ಮ ಮನೆಯಿಂದ ಆಟೋದ ದಾರಿಯಲ್ಲಿ. ಕಲಬುರಗಿಯಿಂದ ನೀನು ಬಸ್ಸು ಮಾಡಿಕೊಂಡು ಅರ್ಧ ಓಣಿಯನ್ನೇ ಕರೆತರುವಾಗ, ನಿನ್ನ ಮಗಳು ಲಹರಿಯ ಜತೆಗೆ ಒಂದೇ ತಾಟಿನಲ್ಲಿ ಉಂಡು ಬೆಳೆದ ನನ್ನ ಮಗಳು ಮನೆಯಲ್ಲಿ ಕುಳಿತು ಗೋಡೆ ನೋಡಬೇಕೇ?

ನಿನಗೆ ಗೊತ್ತಿರುವುದನ್ನೇ ಇನ್ನೊಮ್ಮೆ ಬರೆಯುತ್ತೇನೆ. ನೀನು ಗಂಡಿನ ಕಡೆಯವರಿಗೆ "ಹುಡುಗಿ ಗಾಡಿಯಿಂದ ಸ್ವಲ್ಪ ಜಾರಿದ್ಲು" ಎಂದು ಹೇಳಿದ್ದೀಯಂತೆ, ಅದಕ್ಕೆ. ಸ್ವಲ್ಪವೂ ಅಲ್ಲ, ಜಾರಿದ್ದೂ ಅಲ್ಲ. ಗಚ್ಚಿಬೌಲಿಯ ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಮುಗಿಸಿ ಸ್ಕೂಟರಿನಲ್ಲಿ ಮರಳುತ್ತಿದ್ದವಳಿಗೆ ಹಿಂದಿನಿಂದ ಕ್ಯಾಬೊಂದು ಗುದ್ದಿತು. ಹೆಲ್ಮೆಟ್ ಇದ್ದುದರಿಂದ ಜೀವ ಉಳಿಯಿತು, ಆದರೂ ಮೆದುಳಿಗೆ ಪೆಟ್ಟಾಯಿತು. ಕಣ್ಣು ತೆರೆಯುತ್ತಾಳೋ ಇಲ್ಲವೋ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತ ಆ ದಿನಗಳ ಬಗ್ಗೆ ಬರೆಯುವುದಿಲ್ಲ. ನಗಿಸಲು ಬರದ ವಿಷಯದಲ್ಲಿ ನನ್ನ ಕೈಬರಹ ಕೆಡುತ್ತದೆ.

ಕಣ್ಣು ತೆರೆದಳು, ಎದ್ದಳು, ನಡೆದಳು. ಆದರೆ ಹೆಸರುಗಳು ಹೋಗಿದ್ದವು. ಚಮಚ ಕಣ್ಣ ಮುಂದಿದ್ದರೂ ಅದರ ಹೆಸರು ಬಾಯಿಗೆ ಬರದು. ಜತೆಗೆ ‘ಅಪ್ಪಾ’, ‘ರೀ’ ಎಂಬ ಮರ್ಯಾದೆಯ ಮಾತುಗಳೂ ಎಲ್ಲೋ ಬಿದ್ದುಹೋದವು. ಈಗ ನಾನು ಅವಳಿಗೆ ‘ದತ್ತು’. ಮೊದಮೊದಲು ಎದೆಗೆ ಚುಚ್ಚುತ್ತಿತ್ತು. ಈಗ ನೋಡು, ಅವ್ವ ಹೋದಮೇಲೆ ಹಾಗೆ ಕರೆಯುವವರು ನಿನ್ನನ್ನು ಬಿಟ್ಟರೆ ಇವಳೊಬ್ಬಳೇ. ನೀನಂತೂ ಫೋನು ಎತ್ತುತ್ತಿಲ್ಲ.

ಮಾತಿನ ತರಬೇತಿ ಕೊಡಲು ಗುಣವತಿ ಮೇಡಂ ಮನೆಗೆ ಬರುತ್ತಾರೆ. ನಮ್ಮದು ಮನೆಯೊಳಗೆ ಕನ್ನಡ, ಮೆಟ್ಟಿಲಿಳಿದರೆ ತೆಲುಗು, ಆಟೋ ಹತ್ತಿದರೆ ಹಿಂದಿ. ಹೀಗಾಗಿ ಪೆಟ್ಟು ಬಿದ್ದು ಚೆದುರಿದ ಶಬ್ದಗಳು ಯಾವ ಬಾಗಿಲಿಂದ ಮರಳಬೇಕೆಂದು ತಿಳಿಯದೆ ಗೊಂದಲಕ್ಕೆ ಬಿದ್ದವು. ಒಂದು ಮುಂಜಾನೆ ಚಹಾ ಮಾಡಲು ನಿಂತಳು. ಹಾಲು ತೆಲುಗಿನಲ್ಲಿ ‘ಪಾಲು’ ಎಂದು ಬಂತು, ಸಕ್ಕರೆ ಹಿಂದಿಯಲ್ಲಿ ‘ಚೀನಿ’ ಎಂದು ಬಂತು, ನೀರು ಯಾವ ಭಾಷೆಯಲ್ಲೂ ಬರಲಿಲ್ಲ, ನಲ್ಲಿ ತಿರುಗಿಸಿ ತೋರಿಸಿದಳು. ಚಹಾ ಮಾತ್ರ ಆಯಿತು. ಕುಡಿದೆವು. ಅಂಥ ಚಹಾವನ್ನು ನಿನ್ನ ಮನೆಯಲ್ಲೂ ಕುಡಿದಿಲ್ಲ.

ಆಮೇಲೆ ಗೋದಾವರಿಗೆ ಒಂದು ಉಪಾಯ ಹೊಳೆಯಿತು. ನಮ್ಮ ಕಡೆಯ ಹೆಂಗಸರು ಗಂಡನ ಹೆಸರನ್ನು ನೇರವಾಗಿ ಎಂದಾದರೂ ಹೇಳಿದ್ದುಂಟೇ? ಮದುವೆಯಲ್ಲಿ ಬಾಗಿಲು ತಡೆದು ಹೆಸರು ಕೇಳಿದರೆ ಒಡಪು ಕಟ್ಟಿ, ಬೆಳ್ಳಿ ಬಟ್ಟಲು, ಬಾಳೆಯ ಕಂಬ ಎಂದೆಲ್ಲ ಊರು ಸುತ್ತಿ ಕೊನೆಗೆ ಹೆಸರಿಗೆ ಬರುತ್ತಾರೆ. ನನ್ನ ಹೆಂಡತಿ ನಮ್ಮ ಮದುವೆಯಲ್ಲಿ ಹೇಳಿದ್ದು ನಿನಗೆ ನೆನಪಿರಬೇಕು: "ನಾಂಪಲ್ಲಿ ಸ್ಟೇಶನ್ನಿಗೆ ಬಂತು ಮುಂಬೈ ಗಾಡಿ, ದತ್ತಾತ್ರೇಯರು ಬಂದ್ರು ಚೀಲಾ ಮರೆತು ಓಡಿ." ಮಾನ ಹೋದರೂ ಪ್ರಾಸ ಉಳಿಯಿತು.

ಅವಳು ಅದೇ ದಾರಿ ಹಿಡಿದಳು. ಊಟಕ್ಕೆ ಕುಳಿತಾಗ ರಾಗ ಎಳೆದು, "ಶಾವಿಗಿ ಪಾಯಸಾ, ತುಪ್ಪದ ಘಮಾ ಘಮಾ, ತಿನ್ಲಾಕ ಕೊಡ್ರಿ ನನಗೊಂದು..." ಎಂದು ನಿಲ್ಲಿಸಿದಳು. "ಚಮಚಾ!" ಎಂದಳು ಭಕ್ತಿ. ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಪಾಯಸ ಆರಿತು. ಗುಣವತಿ ಮೇಡಂಗೆ ಹೇಳಿದರೆ ಅವರು ಖುಷಿಯಾಗಿ, ರಾಗಕ್ಕೂ ಪ್ರಾಸಕ್ಕೂ ಮೆದುಳಿನಲ್ಲಿ ಬೇರೆ ದಾರಿಯೂ ಇರುತ್ತದೆ, ಮುಂದುವರಿಸಿ ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಬದನೆಕಾಯಿಗೂ ಒಡಪು, ಬೀಗದ ಕೈಗೂ ಒಡಪು. ಕುಕ್ಕರಿನ ಸೀಟಿ ಭಕ್ತಿಗೆ ತಡೆಯಲಾಗುವುದಿಲ್ಲ ಎಂದು ಗೋದಾವರಿ ಬೇಳೆಯನ್ನು ಪಾತೇಲಿಯಲ್ಲಿ ಬೇಯಿಸುತ್ತಾಳೆ. ಅದು ಬೇಯುವಷ್ಟರಲ್ಲಿ ಇಡೀ ಅಡುಗೆಮನೆಯ ಸಾಮಾನಿಗೆ ನಾಮಕರಣ ಮುಗಿಯುತ್ತದೆ.

ಈಗ ನಿನ್ನ ನಿಜವಾದ ಸಿಟ್ಟಿಗೆ ಬರೋಣ. ಗದ್ದಲ, ತ್ರಾಸ, ಪಾಪ, ಇವೆಲ್ಲ ನೆಪ. ಸಿಟ್ಟಿರುವುದು ನಿಶ್ಚಯದ ದಿನದ್ದು. ಗಂಡಿನ ದೊಡ್ಡಪ್ಪ ತಮ್ಮ ಕಾಶಿಯಾತ್ರೆಯಲ್ಲಿ ಘಾಟಿನ ಪುರೋಹಿತ ಪಂಡಾನಿಗೆ ಬುದ್ಧಿ ಕಲಿಸಿದ ಕಥೆಯನ್ನು ಫಲಾಹಾರಕ್ಕೆ ಮೊದಲು ಒಂದು ಸಲ ಹೇಳಿದರು, ಫಲಾಹಾರದ ನಂತರ ಮತ್ತೆ ಶುರುಮಾಡಿದರು. ಹಿರಿಯರೆಂದು ನಾವೆಲ್ಲ ತಲೆಯಾಡಿಸುತ್ತ ಕುಳಿತಿದ್ದೆವು. ಭಕ್ತಿ ಮಾತ್ರ, "ಕಾಕಾ, ಇದು ಆಗ್ಲೇ ಹೇಳಿದಿ. ಆಗ್ಲೂ ಛಲೋ ಇರ್ಲಿಲ್ಲ" ಎಂದಳು.

ಒಪ್ಪುತ್ತೇನೆ, ಹಾಗೆ ಹೇಳಬಾರದಿತ್ತು. ಮನಸ್ಸಿಗೆ ಬಂದದ್ದನ್ನು ಬಾಯಿಗೆ ಬಿಡದೆ ತಡೆಯುವ ಕಾವಲುಗಾರ ಅವಳ ತಲೆಯಲ್ಲಿ ಇನ್ನೂ ರಜೆಯ ಮೇಲಿದ್ದಾನೆ. ಆದರೆ ಅಕ್ಕಾ, ಆ ಕೋಣೆಯಲ್ಲಿ ನೆನಪಿನ ಶಕ್ತಿ ಕಳೆದುಕೊಂಡವಳೆಂದು ಎಲ್ಲರೂ ಮರುಗುತ್ತಿದ್ದದ್ದು ಯಾರಿಗೆ, ಕಥೆ ನೆನಪಿಟ್ಟವರು ಯಾರು?

ಇನ್ನು ಮನೆತನದ ಮರ್ಯಾದೆ. ಕಳೆದ ವರ್ಷ ವಾಡಿ ಜಂಕ್ಷನ್ನಿನಲ್ಲಿ ಚಹಾ ಕುಡಿಯಲು ಇಳಿದು ಬೇರೆ ಗಾಡಿ ಹತ್ತಿ, ರಾಯಚೂರಿನಲ್ಲಿ ನಿದ್ದೆಯಿಂದೆದ್ದ ನಮ್ಮ ಭಾವನವರನ್ನು ಯಾರೂ ಯಾವ ಮದುವೆಯಿಂದಲೂ ಹೊರಗಿಟ್ಟಿಲ್ಲ. ಅವರ ತಲೆಗೆ ಪೆಟ್ಟೂ ಬಿದ್ದಿರಲಿಲ್ಲ. ಅವರಿಗೆ ನರ್ಸ್ ಗೊತ್ತುಮಾಡಿರೆಂದು ನಾನು ಫೋನು ಮಾಡಿದೆನೇ?

ನನ್ನ ಯೋಜನೆಯನ್ನೂ ಹೇಳಿಬಿಡುತ್ತೇನೆ, ಎದೆ ಗಟ್ಟಿ ಮಾಡಿಕೋ. ಮದುವೆಯಲ್ಲಿ ಹೆಸರು ಕೇಳುವ ಹೊತ್ತಿಗೆ ಎಲ್ಲ ಹೆಂಗಸರ ನಡುವೆ ಭಕ್ತಿ ಎದ್ದು ನಿಲ್ಲುತ್ತಾಳೆ. ಅವಳಿಗೆ ಮದುವೆಯಾಗಿಲ್ಲ, ಹೇಳಲು ಗಂಡನ ಹೆಸರಿಲ್ಲ, ಗೊತ್ತಿದೆ. ಗಂಡಿನ ಮನೆತನದ ಹಿರಿಯರು, ನಮ್ಮ ಮನೆತನದ ಹಿರಿಯರು, ಇಷ್ಟೂ ಹೆಸರುಗಳನ್ನು ಪೋಣಿಸಿ ಒಂದು ಮಹಾ ಒಡಪನ್ನು ನಾನೇ ಕಟ್ಟಿದ್ದೇನೆ. ದಿನಾ ಮಧ್ಯಾಹ್ನ ಅವಳ ನಿದ್ದೆಯಾದ ಮೇಲೆ ಕೂರಿಸಿ ಹೇಳಿಸುತ್ತೇನೆ. ನಿನ್ನ ಹೆಸರಿನವರೆಗೂ ತಡವರಿಸದೆ ಬರುತ್ತಾಳೆ. ಮಂಟಪದಲ್ಲಿ ಹೇಳಬೇಕೆಂದು ಇನ್ನೂ ತಿಳಿಸಿಲ್ಲ, ದಿನದ ಅಭ್ಯಾಸವೆಂದೇ ಅಂದುಕೊಂಡಿದ್ದಾಳೆ. ಅಂದು ಅವಳು ಹೇಳಿ ಮುಗಿಸಿದಾಗ ಮಂಟಪದಲ್ಲಿ ‘ಪಾಪ’ ಅನ್ನಲು ಯಾರ ಬಾಯಿ ತೆರೆಯುತ್ತದೆಯೋ ನೋಡುತ್ತೇನೆ. ಮೊದಲ ಸಾಲಿನಲ್ಲಿ ಕುಳಿತು ನೋಡುತ್ತೇನೆ. ಇಡೀ ಮಂಟಪ ನೋಡಲಿ!

ಲಹರಿಗೆ ನನ್ನ ಆಶೀರ್ವಾದ. ಭಾವನವರಿಗೆ ನಮಸ್ಕಾರ, ವಾಡಿಯಲ್ಲಿ ಇಳಿಯದಿರಲು ಹೇಳು. ಈ ಪತ್ರಕ್ಕೆ ಉತ್ತರ ಬರೆಯುವ ಮನಸ್ಸಿಲ್ಲದಿದ್ದರೆ ಬೇಡ, ಪಂಕ್ತಿಯಲ್ಲಿ ಮೂರು ಎಲೆ ಹಾಕಿಸಿದರೆ ಅದೇ ಉತ್ತರ.

ಇಂತಿ,
ನಿನ್ನ ಮಾತು ಎಂದೂ ಕೇಳದ ತಮ್ಮ,
ದತ್ತಾತ್ರೇಯ

ತಾ.ಕ.: ನಾನು ಲಕೋಟೆಗೆ ಅಂಟು ಹುಡುಕಲು ಒಳಗೆ ಹೋದಾಗ ಭಕ್ತಿ ಈ ಪತ್ರ ಎತ್ತಿಕೊಂಡಳು, ನಾನು ಮರಳಿದ ಮೇಲೂ ಬಿಡದೆ ಓದಿದಳು. ಪ್ರತಿ ಸಾಲಿನ ಕೆಳಗೂ ಅಳತೆಪಟ್ಟಿ ಇಟ್ಟು, ನಿಧಾನವಾಗಿ, ಪೂರ್ತಿ. ಒಡಪಿನ ಭಾಗಕ್ಕೆ ಬಂದಾಗ ಪಟ್ಟಿ ನಿಂತಿತು.

"ದತ್ತೂ, ನಾನೇನು ನಾಂಪಲ್ಲಿ ನುಮಾಯಿಶ್ ಜಾತ್ರಿಯಾಗಿನ..." ಎಂದಳು. ಮುಂದಿನ ಶಬ್ದ ಬರಲಿಲ್ಲ. ಗೋದಾವರಿ ಪ್ರಾಸ ಕೊಡಲು ಬಾಯಿ ತೆರೆದಳು, ಭಕ್ತಿ ಅಂಗೈ ಎತ್ತಿ ತಡೆದಳು. ಬೆರಳನ್ನು ಗಾಳಿಯಲ್ಲಿ ದೊಡ್ಡದಾಗಿ ತಿರುಗಿಸಿದಳು. ನಾವು ಕಾದೆವು. "...ತಿರುಗೋ ತೊಟ್ಟಲಾ? ಟಿಕೀಟು ಹಚ್ಚಿ ಮಂದೀನ್ನ ಕರಿಲಾಕ?"

ಪತ್ರ ಹರಿಯಲು ಹೋದೆ. ಕೈಯಿಂದ ಕಿತ್ತುಕೊಂಡಳು. "ಹರಿಬ್ಯಾಡ. ಅತ್ಯಾ ಓದ್ಲಿ. ಒಬ್ಬಾಕಿಗೆ ನನ್ನ ಮುಚ್ಚಿಡೋದದ, ಒಬ್ಬಾಂವಗ ನನ್ನ ತೋರ್ಸೋದದ. ನನ್ನ ಯಾರ್ ಕೇಳಿದ್ರಿ?"

ಕೇಳಿದೆ ಅಕ್ಕಾ. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ: "ಬರ್ತೀನಿ. ಲಹರಿ ಬಾಜೂ ಕೂಡ್ತೀನಿ. ಒಡಪು ಹೇಳಂಗಿಲ್ಲ. ಸಾಕಾದ್ರ ಎದ್ದು ಮನಿಗೆ ಬರ್ತೀನಿ. ನನ್ನ ಬಗ್ಗೆ ದತ್ತು ಯಾರ್ಗೂ ಏನೂ ಹೇಳಬಾರ್ದು." ಕೊನೆಯದು ನನಗೆ ಬಹಳ ಕಷ್ಟದ್ದು, ಆದರೂ ಒಪ್ಪಿದ್ದೇನೆ.

ಈ ಪತ್ರವನ್ನು ಅಂಚೆ ಡಬ್ಬಿಗೆ ತಾನೇ ಹಾಕಿ ಬರುತ್ತಾಳಂತೆ. ರಸ್ತೆ ದಾಟಬೇಕು, ಅಪಘಾತದ ನಂತರ ಒಬ್ಬಳೇ ದಾಟಿಲ್ಲ. ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ಕೈ ಚಾಚಿ ನಿಂತಿದ್ದಾಳೆ. ಹಿಂದೆ ಬರಕೂಡದೆಂದು ಆಜ್ಞೆಯಾಗಿದೆ. ಗೋದಾವರಿ ನನ್ನ ಅಂಗಿಯ ಚುಂಗು ಹಿಡಿದುಕೊಂಡಿದ್ದಾಳೆ. ಲಕೋಟೆ ಕೊಡುತ್ತಿದ್ದೇನೆ.