ಹದಿನೆಂಟು ಟ್ಯೂಬು, ಒಂದೇ ದೊರೆಸಾನಿ

ರಕ್ತಪರೀಕ್ಷೆಯ ಕೋಣೆ,
ಬುಧವಾರ, ಹನ್ನೊಂದನೇ ತಾರೀಖು, ಊಟದ ಬಿಡುವು

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಗೋದಾಮಿನ ಧೂಳಿಗೆ ನಿನ್ನ ಹಳೆಯ ಕೆಮ್ಮು ಮತ್ತೆ ಕೆರಳಿರಬೇಕು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಮೂಟೆ ಹೊರು, ನೋಡಿದವರು ನಕ್ಕರೆ ನಗಲಿ. ಹೊಟ್ಟೆಯಲ್ಲಿ ಎಷ್ಟು ಬೆಂಕಿಯಿದ್ದರೂ ಮೊದಲು ಇದನ್ನೇ ಕೇಳುತ್ತೇನೆ ನೋಡು, ಅಕ್ಕನಾಗಿ ಹುಟ್ಟಿದ ಕರ್ಮ. ನಿನಗೆ ಫೋನ್ ಮಾಡಿ ಮಾಡಿ ನನ್ನ ಬೆರಳು ಸವೆಯಿತು. ಎತ್ತುವುದಿಲ್ಲ, ಎತ್ತಿದರೂ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀಯ. ಕಾಗದವನ್ನಾದರೆ ನಡುವೆ ಕಟ್ ಮಾಡಲು ಬರುವುದಿಲ್ಲ. ಮೇವಿನ ಲಾರಿಯ ಡ್ರೈವರ್ ಇವತ್ತೇ ನಿಮ್ಮ ಗೋದಾಮಿನ ಕಡೆಗೆ ಹೊರಟಿದ್ದಾನೆ. ನಿನ್ನ ಕೈಗೇ ಕೊಡಬೇಕು, ಮೇಜಿನ ಮೇಲೆ ಇಟ್ಟು ಬರಬಾರದು ಎಂದು ಅವನಿಗೆ ಹೇಳಿದ್ದೇನೆ.

ಸುತ್ತಿ ಬಳಸಿ ಬರೆಯುವುದಿಲ್ಲ. ಶನಿವಾರ ಚಿಕ್ಕಮ್ಮನ ಹಂದಿಗಳನ್ನು ಕೊಲ್ಲಲು ಬರುತ್ತಾರೆ. ನಮ್ಮ ದೊಡ್ಡಿಯಲ್ಲಿ ಹಂದಿಜ್ವರವಿತ್ತು ಎಂದು ವರದಿಯಾಗಿದೆಯಲ್ಲ, ಹಾಗಾಗಿ ಅಕ್ಕಪಕ್ಕದ ದೊಡ್ಡಿಗಳನ್ನೂ ಖಾಲಿ ಮಾಡಬೇಕಂತೆ. ಅಲ್ಲಿ ಜ್ವರ ಇದೆಯೋ ಇಲ್ಲವೋ ಎಂದು ನೋಡುವುದೂ ಇಲ್ಲ, ನಿಯಮ. ನಮ್ಮ ಬೀದಿಯಲ್ಲಿ ಈಗ ಉಳಿದಿರುವುದು ಅವಳದೊಂದೇ ದೊಡ್ಡಿ. ಅಮ್ಮ ಹೋದ ಮೇಲೆ ಅಮ್ಮನ ತಂಗಿ ಎನ್ನುವ ಒಂದೇ ಕಾರಣಕ್ಕೆ ಪಕ್ಕದ ಮನೆ ಹಿಡಿದು, ಮದುವೆಯ ಮಾತೆತ್ತಿದವರನ್ನೆಲ್ಲ ಬಾಗಿಲಿಂದಲೇ ಕಳಿಸಿ, ಆ ಹಂದಿಗಳನ್ನು ನಂಬಿಕೊಂಡೇ ಅವಳು ನಮ್ಮಿಬ್ಬರನ್ನು ಸಾಕಿದ್ದು. ಅವಳ ಹಂದಿಗಳು ನಮಗಿಂತ ಚೆನ್ನಾಗಿ ಹೇಳಿದ ಮಾತು ಕೇಳುತ್ತವೆ. ಈ ಹಂದಿಗಳನ್ನು ಉಳಿಸಬಲ್ಲವನು ನೀನೊಬ್ಬನೇ. ಏಕೆಂದು ನಿನಗೂ ಗೊತ್ತು.

ಅಪ್ಪ ಹೇಗಿದ್ದಾರೆ ಎಂದು ಕೇಳುತ್ತೀಯೇನೋ. ನನ್ನನ್ನು ಬೈಯುವಷ್ಟು ಶಕ್ತಿಯಂತೂ ಇದೆ. ಖಾಲಿ ದೊಡ್ಡಿಗೆ ಸುಣ್ಣ ಹೊಡೆದಾಗಿದೆ. ಆದರೂ ಬೆಳಿಗ್ಗೆ ಎದ್ದವರೇ ಬಕೆಟ್ ಹಿಡಿದು ಅಲ್ಲಿಗೆ ಹೋಗಿ, ನೆನಪಾಗಿ ವಾಪಸು ಬರುತ್ತಾರಂತೆ. ಅಂತೆ ಎಂದೇಕೆ ಬರೆದೆನೆಂದರೆ, ನಾನು ಆ ಮನೆಯೊಳಗೆ ಕಾಲಿಡುವ ಹಾಗಿಲ್ಲ. ಭಾನುವಾರ ಹೋದಾಗ ಬಾಗಿಲಲ್ಲೇ ನಿಲ್ಲಿಸಿದರು. ‘ಆ ವರದಿ ಕೆಳಗೆ ಸಹಿ ಹಾಕಿದೋಳು ನೀನೇ ತಾನೆ? ಹೋಗು, ಇನ್ನೂ ಯಾರ್ಯಾರ ಮನೆ ಹಾಳು ಮಾಡೋಕೆ ಸಹಿ ಬೇಕೋ ಹಾಕು’ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಪ್ಪನ ಮಾತನ್ನಾದರೂ ನುಂಗಿಕೊಳ್ಳಬಹುದು, ಅವರಿಗೆ ಗೊತ್ತಿಲ್ಲ. ನುಂಗಲಾಗದ್ದು ನಿನ್ನ ಮಾತು. ಹಂದಿಗಳನ್ನು ಕೊಂದ ದಿನ, ಅಂಗಳದಲ್ಲಿ ಬೀದಿಯವರೆಲ್ಲ ನಿಂತಿರುವಾಗ, ನನ್ನ ಮುಖ ನೋಡಿಕೊಂಡೇ ‘ಅಕ್ಕಾ, ನಿನ್ನ ಮೆಷಿನ್ ಸರಿ ಇದೆಯಾ ಒಂದ್ಸಲ ನೋಡ್ಕೋ’ ಎಂದೆಯಲ್ಲ, ಎಲ್ಲ ಗೊತ್ತಿದ್ದೂ ಅಂದೆಯಲ್ಲ. ಮಾರನೆಯ ದಿನವೇ ಗೋದಾಮಿನ ಕೆಲಸ ಸಿಕ್ಕಿತೆಂದು ಗಂಟುಮೂಟೆ ಕಟ್ಟಿ ಹೊರಟೆ.

ನನ್ನ ಮೆಷಿನ್ ಸರಿಯಾಗಿದೆ. ಅದು ಏನು ಮಾಡುತ್ತದೆಂದು ನೀನು ಯಾವತ್ತೂ ಕೇಳಿದವನಲ್ಲ, ಈಗ ಕೇಳಿಸಿಕೋ. ಒಂದು ಪ್ಲೇಟಿನಲ್ಲಿ ಸಾಲಾಗಿ ಪುಟ್ಟ ಪುಟ್ಟ ಗುಳಿಗಳಿರುತ್ತವೆ. ಒಂದೊಂದಕ್ಕೂ ಒಂದೊಂದು ಹಂದಿಯ ರಕ್ತದ ತಿಳಿಯನ್ನು ಹನಿಸುತ್ತೇವೆ. ನಾವು ಹುಡುಕುವುದು ವೈರಸ್ಸನ್ನಲ್ಲ, ವೈರಸ್ಸಿನ ಜೊತೆ ಹೊಡೆದಾಡಲು ಮೈ ತಯಾರಿಸಿಕೊಳ್ಳುವ ಪ್ರತಿಕಾಯವನ್ನು. ಅದು ಇದ್ದರೆ ಗುಳಿ ಹಳದಿಯಾಗುತ್ತದೆ, ಇಲ್ಲದಿದ್ದರೆ ನೀರಿನ ಹಾಗೇ ಇರುತ್ತದೆ. ಜ್ವರ ಬಂದು ಬದುಕಿಕೊಂಡ ಹಂದಿಯಲ್ಲಿ ವೈರಸ್ ಹೋಗಿ ವರ್ಷಗಳಾದರೂ ಪ್ರತಿಕಾಯ ಉಳಿದೇ ಇರುತ್ತದೆ. ಕಳ್ಳ ಓಡಿಹೋದ ಮೇಲೂ ನಾಯಿ ಬಾಗಿಲಲ್ಲಿ ನಿಂತು ಬೊಗಳುತ್ತಿರುತ್ತದಲ್ಲ, ಹಾಗೆ. ನಮ್ಮ ಮನೆಯ ಹದಿನೆಂಟು ಟ್ಯೂಬೂ ಹಳದಿ ಬಂದವು. ಅದೂ ಎಂಥ ಹಳದಿ, ಒಂದೇ ಡಬ್ಬಿಯ ಬಣ್ಣದಲ್ಲಿ ಅದ್ದಿ ತೆಗೆದ ಹಾಗೆ. ಗಂಡು ಹಂದಿ, ಬಸುರಿ ಹಂದಿ, ಮೊನ್ನೆ ಮೊನ್ನೆ ಹಾಲು ಬಿಟ್ಟ ಮರಿ, ಎಲ್ಲದಕ್ಕೂ ಒಂದೇ ಅಳತೆ. ಒಡಹುಟ್ಟಿದವರ ರಕ್ತವೂ ಹಾಗಿರುವುದಿಲ್ಲ, ಬೇಕಿದ್ದರೆ ನಮ್ಮಿಬ್ಬರನ್ನೇ ನೋಡು. ಸಾಹೇಬರಿಗೆ ತೋರಿಸಿ, ಇದೇನೋ ಸರಿಯಿಲ್ಲ ಸರ್, ಇನ್ನೊಂದು ಸಲ ರಕ್ತ ತರಿಸೋಣ ಎಂದೆ. ‘ಪಾಸಿಟಿವ್ ಅಂದ್ರೆ ಪಾಸಿಟಿವ್ ಅಮ್ಮಾ. ನಿಮ್ಮನೆ ಹಂದಿ ಅಂತ ಎರಡೆರಡು ಸಲ ನೋಡೋಕಾಗುತ್ತಾ?’ ಎಂದರು. ವರದಿ ಎಳೆದುಕೊಂಡು ಸಹಿ ಹಾಕಿದೆ. ಕೊಂದವುಗಳಿಂದ ಪರೀಕ್ಷೆಗೆಂದು ಒಂದು ಚೂರನ್ನೂ ತೆಗೆದಿಡದೆ ಸುಣ್ಣ ಸುರಿದು ಹೂತುಬಿಟ್ಟರು, ಈಗ ನೋಡೋಣವೆಂದರೆ ಏನೂ ಉಳಿದಿಲ್ಲ.

ಅಪ್ಪ ಬಾಗಿಲಿಂದ ಕಳಿಸಿದ ಮೇಲೆ ಚಿಕ್ಕಮ್ಮನ ಮನೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ರಕ್ತ ತೆಗೆದ ದಿನ ಹಂದಿಗಳು ತುಂಬ ಕಿರುಚಿದವಾ ಎಂದು ಮಾತಿನ ನಡುವೆ ಕೇಳಿದೆ. ‘ಇಲ್ವಲ್ಲೇ, ನಾನು ಬಟ್ಟೆ ಒಗೀತಾ ಹೊರಗೇ ಇದ್ದೆ, ಒಂದು ಸದ್ದೂ ಕೇಳ್ಲಿಲ್ಲ’ ಎಂದಳು. ಏಕೆ ಕೇಳಿದೆನೆಂದು ನಾನು ಹೇಳಲಿಲ್ಲ. ಮೂತಿಗೆ ಹಗ್ಗ ಬಿಗಿದು, ತಲೆ ಎತ್ತಿಸಿ, ಕುತ್ತಿಗೆಗೆ ಸೂಜಿ ಚುಚ್ಚಿದರೆ ಒಂದೇ ಹಂದಿ ಬೀದಿಯನ್ನೆಲ್ಲ ಎಬ್ಬಿಸುತ್ತದೆ, ಇನ್ನು ಹದಿನೆಂಟಾದರೆ ಕೇಳಬೇಕೆ. ಪ್ರತಿ ಸಲವೂ ಹಗ್ಗ ಹಿಡಿಯಲು ಚಿಕ್ಕಮ್ಮನನ್ನು ಕರೆಯುತ್ತಿದ್ದವನು ನೀನು, ಈ ಸಲ ಕರೆಯಲಿಲ್ಲ. ಅಪ್ಪ ಮೇವು ತರಲು ಹೋಗಿದ್ದರು. ನಿನಗೆ ರಕ್ತ ತೆಗೆಯುವ ತರಬೇತಿ ಆಗಿದೆಯೆಂದು ಪಶು ಇಲಾಖೆಯವನು ಟ್ಯೂಬು, ಸೂಜಿ ಎಲ್ಲ ನಿನ್ನ ಕೈಗೇ ಕೊಟ್ಟು, ಜೀಪಿನಲ್ಲಿ ಕೂತು ಫೋನ್ ನೋಡುತ್ತಿದ್ದ. ಹಗ್ಗವಿಲ್ಲದೆ, ಕಿವಿಯ ಹಿಂದೆ ಕೆರೆದರೆ ಸಾಕು ಕಣ್ಣು ಮುಚ್ಚಿಕೊಂಡು ನಿಲ್ಲುವ ಹಂದಿ ನಮ್ಮಲ್ಲಿ ಇದ್ದದ್ದು ಒಂದೇ, ನಿನ್ನ ದೊರೆಸಾನಿ. ಅದೊಂದರಿಂದಲೇ ಹದಿನೆಂಟು ಟ್ಯೂಬನ್ನೂ ತುಂಬಿಸಿಬಿಟ್ಟೆ.

ಒಂದೇ ಮನೆಯ ಹಂದಿ, ಯಾವುದರ ರಕ್ತವಾದರೇನು ಎಂದುಕೊಂಡಿರಬೇಕು. ಇಲ್ಲವೇ, ಬಸುರಿಯಾದವು ಗಾಬರಿಗೆ ಗರ್ಭ ಇಳಿಸಿಕೊಂಡಾವು ಎಂದು ಹೆದರಿದೆಯೋ ಏನೋ. ಸೋಮಾರಿತನ ಎಂದರೆ ನಿನಗೆ ಬೇಜಾರು, ಪ್ರೀತಿ ಎಂದರೆ ನನಗೆ ಬೇಜಾರು, ಎರಡೂ ಇದ್ದಿರಬಹುದು ಎಂದಿಟ್ಟುಕೊಳ್ಳೋಣ. ಎಲ್ಲಕ್ಕಿಂತ ಗಟ್ಟಿಮುಟ್ಟಾದ ಹಂದಿಯ ರಕ್ತ ಕೊಟ್ಟರೆ ಪರೀಕ್ಷೆ ಹೂ ಎತ್ತಿದಂತೆ ಪಾಸಾಗುತ್ತದೆ ಎಂದೂ ಲೆಕ್ಕ ಹಾಕಿದ್ದೀಯ. ಆದರೆ ಅದು ಅಷ್ಟು ಗಟ್ಟಿಯಾದದ್ದು ಹೇಗೆಂದು ಮರೆತೆಯಾ? ಅದು ನಮ್ಮಲ್ಲಿ ಹುಟ್ಟಿದ್ದಲ್ಲ. ಹಂದಿಜ್ವರಕ್ಕೆ ದೊಡ್ಡಿಗೆ ದೊಡ್ಡಿಯೇ ಸತ್ತುಹೋದ ಕಡೆ ಉಳಿದುಕೊಂಡ ಒಂದೇ ಹಂದಿ ಎಂದು ಅಪ್ಪ ಹಟ ಹಿಡಿದು ತಂದದ್ದು. ‘ಸಾವಿನ ಬಾಯಿಗೆ ಹೋಗಿ ಬಂದಿರೋದು ಇದು, ಇನ್ನು ಇದಕ್ಕೆ ಏನೂ ಆಗಲ್ಲ’ ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಅದರ ರಕ್ತದ ತುಂಬ ಆ ಹಳೆಯ ಜ್ವರದ ಪ್ರತಿಕಾಯ. ಉಳಿದ ಹಂದಿಗಳಿಗೆ ಒಂದು ಸೀನೂ ಬಂದಿರಲಿಲ್ಲ. ಅವತ್ತು ದೊರೆಸಾನಿಯನ್ನೇ ಮೊದಲು ಕೊಂದರು, ಏಕೆಂದರೆ ಅದೊಂದೇ ಓಡಲಿಲ್ಲ. ಯಾರೋ ಕಿವಿಯ ಹಿಂದೆ ಕೆರೆದರು, ನಿಂತುಕೊಂಡಿತು. ನೀನು ಒಳಗೆ ಹೋಗಿ ರೇಡಿಯೊ ಜೋರು ಮಾಡಿಕೊಂಡು ಕೂತೆ.

ನಿನ್ನೆ ಸಾಹೇಬರ ಹತ್ತಿರ ಮತ್ತೆ ಹೋಗಿದ್ದೆ. ರಕ್ತ ತೆಗೆಯುವಾಗ ಏನೋ ತಪ್ಪಾಗಿದೆ ಸರ್ ಎಂದಷ್ಟೇ ಹೇಳಿದೆ, ನಿನ್ನ ಹೆಸರು ಎತ್ತಲಿಲ್ಲ. ‘ತೆಗೆದವನು ಬಂದು ತನ್ನ ಬಾಯಿಂದ ಹೇಳ್ಲಿ, ಶನಿವಾರದ್ದನ್ನ ನಿಲ್ಲಿಸ್ತೀನಿ. ಅಕ್ಕ ಬಂದು ಹೇಳಿದ್ರೆ ನಡೆಯಲ್ಲ’ ಎಂದರು. ಆದ್ದರಿಂದ ಶುಕ್ರವಾರ ಸಂಜೆಯೊಳಗೆ ಬಾ. ನಿನ್ನನ್ನು ನೇಣಿಗೇನೂ ಹಾಕುವುದಿಲ್ಲ. ತರಬೇತಿಯ ಕಾರ್ಡು ಕಿತ್ತುಕೊಳ್ಳುತ್ತಾರೆ, ನಾಲ್ಕು ಜನ ಮುಖಕ್ಕೆ ಉಗಿಯುತ್ತಾರೆ. ಅಪ್ಪ ದೊಣ್ಣೆ ತೆಗೆದುಕೊಂಡರೂ ಆಶ್ಚರ್ಯವಿಲ್ಲ, ನಾನಂತೂ ಅಡ್ಡ ನಿಲ್ಲುವುದಿಲ್ಲ. ಚಿಕ್ಕಂದಿನಲ್ಲಿ ನಿಂತದ್ದೇ ಸಾಕು. ಚಿಕ್ಕಮ್ಮನ ಹಂದಿಗಳ ರಕ್ತವನ್ನು ನಾನೇ ಹಗ್ಗ ಹಿಡಿದು ತೆಗೆಸುತ್ತೇನೆ, ಬೀದಿಯವರು ಕಿವಿ ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ.

ಆದದ್ದು ಆಯಿತು, ಕ್ಷಮಿಸಿದ್ದೇನೆ ಎಂದು ಬರೆಯೋಣವೆಂದರೆ ಕೈ ಬರುತ್ತಿಲ್ಲ. ದೇವರು ನಿನಗೆ ಆಯಸ್ಸು, ಆರೋಗ್ಯ ಕೊಡಲಿ, ಜೊತೆಗೆ ಒಂದಿಷ್ಟು ನಾಚಿಕೆಯನ್ನೂ ಕೊಡಲಿ. ನಿಮ್ಮ ಮೇಸ್ತ್ರಿಗೆ ನನ್ನ ನಮಸ್ಕಾರ ತಿಳಿಸಿ ಎರಡು ದಿನ ರಜೆ ಕೇಳು.

ಇಷ್ಟಾದರೂ ನಿನ್ನ,
ಅಕ್ಕ

ತಾ.ಕ.: ಲಾರಿಯವನು ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಕಾಗದ ಮಡಚುವಷ್ಟರಲ್ಲಿ ಚಿಕ್ಕಮ್ಮ ಬಂದಳು, ನಾನು ಕೆಲಸ ಮಾಡುವ ಜಾಗಕ್ಕೆ ಇದೇ ಮೊದಲ ಸಲ. ಸದ್ದಿನ ವಿಷಯ ಏಕೆ ಕೇಳಿದೆನೆಂದು ಯೋಚಿಸಿ ಯೋಚಿಸಿ ತಾನೇ ಎಲ್ಲ ತಿಳಿದುಕೊಂಡಿದ್ದಾಳೆ. ನಿನಗೆ ಒಂದು ಬೈಗುಳವೂ ಇಲ್ಲ. ‘ಅವನನ್ನ ಕರೀಬೇಡ ಕಣೇ. ಹಂದಿ ಹೋದ್ರೆ ಬೇರೆ ತರಬಹುದು. ಹುಡುಗನ ಹೆಸರು ಹೋದ್ರೆ ಎಲ್ಲಿಂದ ತರೋದು?’ ಎಂದು ನನ್ನ ಕೈ ಹಿಡಿದುಕೊಂಡಳು. ಶನಿವಾರ ಅವರು ಬಂದಾಗ ದೊಡ್ಡಿಯ ಬಾಗಿಲು ತಾನೇ ತೆಗೆದುಕೊಡುತ್ತಾಳಂತೆ. ಆದರೂ ಕಾಗದ ಕಳಿಸುತ್ತಿದ್ದೇನೆ, ಬರುವುದು ಬಿಡುವುದು ನಿನಗೆ ಬಿಟ್ಟದ್ದು. ನನ್ನ ಹೆಸರು ಹೋಗಿ ವಾರವಾಯಿತು. ಅದನ್ನು ಎಲ್ಲಿಂದ ತರೋದೆಂದು ಅವಳೂ ಕೇಳಲಿಲ್ಲ.