ಒಂದೇ ಒಂದು ಜೆರ್ಸಿಗಾಗಿ

ಕೋಲ್ಮನ್,

‘ಪ್ರೀತಿಯ’ ಅಂತ ಸೇರಿಸುವ ಯೋಗ್ಯತೆ ನನಗಿಲ್ಲ. ಬರೀ ಹೆಸರು ಸಾಕು.

ಮೊನ್ನೆ ಭಾನುವಾರ ಕ್ಲಬ್ಬಿನವರು ನನಗೆ ಸನ್ಮಾನ ಮಾಡಿದರು. ಹನ್ನೊಂದು ವರ್ಷ ಕೌಂಟಿ ತಂಡಕ್ಕೆ ಹರ್ಲಿಂಗ್ ಕೋಲು ಹಿಡಿದು ಆಡಿದ ಇಂಥವನು ಈ ಊರಲ್ಲಿ ಇನ್ನೊಬ್ಬ ಹುಟ್ಟಿಲ್ಲ ಅಂದರು. ನೀನು ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಹುಟ್ಟಿದ್ದ, ಕೋಲ್ಮನ್. ನನಗಿಂತ ಚೆನ್ನಾಗಿಯೇ ಆಡುತ್ತಿದ್ದ.

ಎಪ್ಪತ್ತೆಂಟರ ಮಾರ್ಚ್. ಕೌಂಟಿ ತಂಡದ ಆಯ್ಕೆಯ ಪಂದ್ಯ. ಇದ್ದದ್ದು ಒಂದೇ ಜೆರ್ಸಿ, ನಾವು ಇಬ್ಬರು. ಇಬ್ಬರ ಕೋಲನ್ನೂ ನಿಮ್ಮಪ್ಪನೇ ಕೆತ್ತಿಕೊಟ್ಟಿದ್ದರು. ನಡುಮೈದಾನದಲ್ಲಿ ನಮ್ಮನ್ನು ಎದುರುಬದುರು ನಿಲ್ಲಿಸಿದರು. ಅರ್ಧ ಗಂಟೆ ನನಗೆ ಒಂದು ಚೆಂಡೂ ದಕ್ಕಲಿಲ್ಲ. “ಏಳೋ ಫಿಂಟನ್, ಹುಲ್ಲು ಮೇಯೋಕ್ ಬಂದಿದ್ಯಾ?” ಅಂತ ನಕ್ಕು, ಬಿದ್ದಿದ್ದ ನನ್ನನ್ನು ನೀನೇ ಕೈ ಚಾಚಿ ಎಬ್ಬಿಸಿದೆ. ಮುಂದಿನ ಚೆಂಡಿಗೆ ಇಬ್ಬರೂ ಹಾರಿದೆವು. ನಾನು ಕೋಲು ಬೀಸಿದ್ದು ಚೆಂಡಿಗಲ್ಲ. ಆಗ ಹೆಲ್ಮೆಟ್ ಹಾಕಿಕೊಂಡವನನ್ನು ಪುಕ್ಕಲ ಅನ್ನುತ್ತಿದ್ದರು.

ಆಸ್ಪತ್ರೆಯಲ್ಲಿ ನಿನ್ನ ಕಣ್ಣಿಗೆ ಕಟ್ಟಿದ್ದ ಪಟ್ಟಿ ನೋಡಿಕೊಂಡೇ “ಆಟ ಅಂದ್ಮೇಲೆ ಇದೆಲ್ಲಾ ಇದ್ದಿದ್ದೇ ಬಿಡು” ಅಂದವನು ನಾನು. ನೀನಲ್ಲ.

ಜೆರ್ಸಿ ನನಗೇ ಬಂತು. ಗೆದ್ದು ಬಂದ ಒಂದು ಸಂಜೆ ಪಬ್ಬಿನಲ್ಲಿ, “ಕೋಲ್ಮನ್‌ಗೆ ಅರ್ಧ ಟಿಕೆಟ್ ಕೊಡ್ರೋ, ಅವನು ನೋಡೋದೂ ಅರ್ಧ ಮ್ಯಾಚೇ ತಾನೆ!” ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನೀನೂ ನಕ್ಕೆ. ಅಷ್ಟಾದರೂ ನೀನು ನನ್ನ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಪ್ರತಿ ಸಲ ಗೋಲಿನ ಹಿಂದೆಯೇ ನಿಲ್ಲುತ್ತಿದ್ದೆ. ಎಂಬತ್ತನಾಲ್ಕರ ಫೈನಲ್‌ನಲ್ಲಿ ನಾವು ಒಂದು ಪಾಯಿಂಟ್ ಹಿಂದೆ, ಕೊನೆಯ ಫ್ರೀ ಹೊಡೆತ ನನ್ನದು. ತಲೆಯೆತ್ತಿದರೆ ಕಂಬಗಳ ನಡುವೆ ನೀನು. ಚೆಂಡು ಹೊರಗೆ ಹೋಯಿತು. ನೀನು ಬಂದು ಭುಜ ತಟ್ಟಿದೆ. ಎಂಥ ದೊಡ್ಡ ಮನಸ್ಸು ಅಂದುಕೊಂಡೆ.

ಭಾನುವಾರ ಕಾರಿನ ಹತ್ತಿರ ನೀನು ಬಾಯಿಬಿಟ್ಟೆ. “ನಿನ್ನ ಆಟ ನೋಡೋಕ್ ಬರ್ತಿದ್ದೆ ಅಂದ್ಕೊಂಡ್ಯಾ? ನಾನು ನಿಂಗೆ ಕಾಣ್ಲಿ ಅಂತ ಬರ್ತಿದ್ದೆ ಕಣೋ. ಅವತ್ತು ನೀನು ಚೆಂಡಿನ ಕಡೆ ನೋಡ್ಲೇ ಇಲ್ಲ. ಆ ಕಣ್ಣು ಕೊನೇಲಿ ನೋಡಿದ್ದು ನಿನ್ನ ಮುಖಾನೇ.”

ಮನೆಗೆ ಹೋಗಿ, ಇಷ್ಟು ವರ್ಷ ಹೆಂಡತಿಯಿಂದ ಮುಚ್ಚಿಟ್ಟದ್ದನ್ನು ಹೇಳಿಬಿಟ್ಟೆ. ಡಿಂಪ್ನಾ ಆಲೂಗಡ್ಡೆ ಹೆರೆಯುವುದನ್ನೂ ನಿಲ್ಲಿಸಲಿಲ್ಲ. “ಗೊತ್ತಿತ್ತು. ಊರಿಗೆಲ್ಲಾ ಗೊತ್ತು. ನೀನು ಗೆಲ್ಲಿಸ್ತಿದ್ದೆ, ಅದಕ್ಕೇ ಯಾರೂ ಬಾಯಿ ಬಿಡ್ಲಿಲ್ಲ” ಅಂದಳು.

ನಿನ್ನೆ ಕ್ಲಬ್ಬಿನ ಕಾರ್ಯದರ್ಶಿಗೂ ಹೇಳಿದೆ. ಅವನು ಬಾಗಿಲು ಮುಚ್ಚಿ ಬಂದು, “ಈಗ ಯಾಕಪ್ಪಾ ಇದೆಲ್ಲಾ? ಮೈದಾನಕ್ಕೆ ನಿನ್ನ ಹೆಸರಿನ ಬೋರ್ಡ್ ಬರೆಸಿ ಆಯ್ತಲ್ಲ” ಅಂದ. ನಾಳೆ ನೇತುಹಾಕುತ್ತಾರೆ. ನಾನು ಬೇಡ ಅಂದೆ, ಕೋಲ್ಮನ್. ಎರಡನೇ ಸಲ ಅನ್ನಲಿಲ್ಲ.

ಕ್ಷಮೆ ಕೇಳಲು ಇದನ್ನು ಬರೆಯಲಿಲ್ಲ. ನೀನು ದಿನಾ ನಡೆದುಹೋಗುವ ದಾರಿ ಅದು. ಬೋರ್ಡ್ ಕಾಣುವ ಮೊದಲು ನನ್ನಿಂದಲೇ ತಿಳಿಯಲಿ ಅಂತ ಬರೆದೆ, ಅಷ್ಟೇ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನನ್ನ ಮಾತು ಬಂದರೆ ಅವನೆದುರು ಇದ್ದದ್ದನ್ನು ಇದ್ದ ಹಾಗೇ ಹೇಳು.

ಫಿಂಟನ್