ಬಿಸಿಲಿಗೆ ಹಿಡಿದ ಮುಖ

ನನ್ನಿವಾಳ
೯-೩-೨೦೦೩, ಭಾನುವಾರ

ತಮ್ಮ ಜುಂಜಣ್ಣನಿಗೆ ಅಕ್ಕ ಉಚ್ಚಂಗೆಮ್ಮ ಬರೆಯುವುದು.

ಮೈ ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ನಲವತ್ತು ವರ್ಷ ಕೇಳದವಳು ಈಗ ಕೇಳುತ್ತಾಳೆ ಎಂದು ಕಾಗದ ಹರಿಯಬೇಡ. ಮಗ್ಗದ ಮನೆಯ ರಾಧಮ್ಮನ ಕೈಲಿ ಪೂರ್ತಿ ಓದಿಸಿಕೋ. ನಾನು ಓದಿದ್ದು ಮೂರನೇ ಕ್ಲಾಸು, ತಪ್ಪಿದ್ದರೆ ಇಬ್ಬರೂ ನಗಬೇಡಿ. ನೀನು ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲು ಸುತ್ತುತ್ತಿರುವುದು ನನಗೆ ಹನ್ನೆರಡು ವರ್ಷದಿಂದ ಗೊತ್ತು. ಬರುವುದಕ್ಕೆ ಮುಖವಿರಲಿಲ್ಲ.

ನನ್ನ ಮಗಳು ಸರ್ವಮಂಗಳನ ಮಗ ಓಬಳೇಶನಿಗೆ ಏಳು ವರ್ಷ. ನಿನ್ನದೇ ಕಣ್ಣು. ತೊಟ್ಟಿಲಲ್ಲೇ ಕಂಡಿದ್ದೆ, ಮಗ್ಗದ ಲಾಳಿಯ ಹಾಗೆ ಆ ಕಡೆ ಈ ಕಡೆ ಓಡುತ್ತಿದ್ದವು. "ಬಸುರಿ ಗ್ರಹಣದಾಗೆ ಹೊರಗೆ ಬಂದ್ಲು, ಅದ್ಕೇ ಹಿಂಗೆ" ಎಂದು ಅವಳ ಅತ್ತೆ ಇಂದಿಗೂ ಚುಚ್ಚುತ್ತಾಳೆ. ನಾನು ಬಾಯಿ ಬಿಡಲಿಲ್ಲ. ಹೋದ ತಿಂಗಳು ಹುಡುಗ ಬಿಸಿಲಿಗೆ ಮುಖ ತಿರುಗಿಸಿದ್ದು ನೋಡಿ ಸಿಟ್ಟು ನೆತ್ತಿಗೇರಿತು. ಅಂಗಳಕ್ಕೆಳೆದು, ಗದ್ದ ಹಿಡಿದು ರೆಪ್ಪೆ ಎತ್ತಿದೆ. "ಉರಿ, ಬಿಡಜ್ಜಿ" ಎಂದ. ನಿನ್ನ ದನಿ, ಜುಂಜ.

ದೊಡ್ಡಉಳ್ಳಾರ್ತಿಯ ನಮ್ಮ ಮನೆಯ ಕುರಿರೊಪ್ಪದ ಹಿಂದೆ, "ಹುಟ್ಟೋ ಸೂರ್ಯನ್ನ ನೋಡಿದ್ರೆ ಕಣ್ಣು ನಿಲ್ತಾವೆ" ಎಂದು ಅಪ್ಪ ಹೇಳಿದ್ದು ನಿಜ. ಆದರೆ ನಲವತ್ತು ದಿನ ನಿನ್ನ ತಲೆ ಹಿಡಿದವಳು ನಾನು. ಅಪ್ಪ ಸಾಕು ಎಂದ ಮೇಲೂ ಹಿಡಿದೆ. ನೀನು ಬೇಕೆಂದೇ ಕಣ್ಣು ಕುಣಿಸುತ್ತೀ ಎಂದುಕೊಂಡಿದ್ದೆ. "ಅಕ್ಕಾ, ಬಿಡೇ" ಎಂದಿದ್ದಕ್ಕೆ ಕೆನ್ನೆಗೆ ಬಾರಿಸಿದೆ. ಇದ್ದ ಅಷ್ಟಿಷ್ಟು ನೋಟವೂ ಮಸುಕಾಗಿ ನೀನು ಮನೆ ಬಿಟ್ಟು ಹೋದೆ. ಈಗ ಅಂಗಳಕ್ಕೆ ಬಿಸಿಲು ಬಿದ್ದರೆ ಸಾಕು, ಈ ಎರಡು ಬೆರಳ ತುದಿಯಲ್ಲಿ ನಿನ್ನ ರೆಪ್ಪೆ ಮಿಸುಕುತ್ತದೆ. ಹಿಟ್ಟು ನಾದಿದರೂ ಹೋಗುವುದಿಲ್ಲ, ಸಗಣಿ ಬಾಚಿದರೂ ಹೋಗುವುದಿಲ್ಲ.

ಚಳ್ಳಕೆರೆಯಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಕಣ್ಣೊಳಗೆ ಇರಬೇಕಾದ ಬಣ್ಣ ಹುಟ್ಟಿನಿಂದಲೇ ಕಡಿಮೆಯಂತೆ, ಅದಕ್ಕೇ ಬೆಳಕು ತಡೆಯುವುದಿಲ್ಲವಂತೆ. ತಾಯಿ ಕಣ್ಣು ಚೆನ್ನಾಗಿದ್ದರೂ ಅವಳಿಂದ ಗಂಡುಮಕ್ಕಳಿಗೆ ಬರುತ್ತದಂತೆ. ಗ್ರಹಣವೂ ಇಲ್ಲ, ಮಣ್ಣೂ ಇಲ್ಲ. "ನಿಮ್ ಕಡೆ ಯಾರಿಗಾದ್ರೂ ಇತ್ತೇನಮ್ಮಾ?" ಎಂದು ಡಾಕ್ಟರು ಕೇಳಿದರು. ಮಗಳು ನನ್ನ ಮುಖ ನೋಡಿದಳು. ಇಲ್ಲ ಎಂದೆ. ಸೋದರಮಾವ ಚಿಕ್ಕಂದಿನಲ್ಲೇ ಸತ್ತ ಎಂದು ಅವಳಿಗೆ ಹೇಳಿಕೊಂಡು ಬಂದಿದ್ದೆನಲ್ಲ. ಬದುಕಿರುವವನನ್ನು ಇಷ್ಟು ವರ್ಷ ಸಾಯಿಸಿಟ್ಟಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗ ತಲೆಯ ಮೇಲೆ ಟವೆಲ್ ಎಳೆದುಕೊಂಡು, "ಅಜ್ಜಿ, ನನ್ನಂಗೆ ಇನ್ಯಾರೂ ಇಲ್ವಾ?" ಎಂದ.

ನಿನ್ನೆ ಎಲ್ಲಾ ಹೇಳಿಬಿಟ್ಟೆ, ಅವಳ ಅತ್ತೆಯ ಎದುರಿಗೇ. ಮಗಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ಬಿಡಲಿ.

ಹಿರಿಯಳಾಗಿ ಹರಸಬೇಕು, ಆದರೆ ಇದು ಹರಸುವ ಕೈಯಲ್ಲ. ನಿನ್ನ ತಲೆ ಮೇಲೆ ಸದಾ ನೆರಳಿರಲಿ.

ನಿನ್ನ ಅಕ್ಕ
ಉಚ್ಚಂಗೆಮ್ಮ

ಮತ್ತೆ: ಇದೇ ಹದಿನೇಳು, ಸೋಮವಾರ, ಮೊದಲ ಬಸ್ಸಿಗೆ ಓಬಳೇಶನನ್ನು ಕರೆತರುತ್ತೇನೆ. ನಿನ್ನ ಕಣ್ಣು ನೋಡಬೇಕಂತೆ ಅವನಿಗೆ. ನನಗೆ ಬಾಗಿಲು ತೆಗೆಯದಿದ್ದರೂ ಸರಿ, ಹೊರಗೆ ಬಿಸಿಲಲ್ಲೇ ಕೂತಿರುತ್ತೇನೆ. ಅವನನ್ನು ಒಳಗೆ ಕರೆದುಕೋ.